ಡಿಕಾಕ್ಷನ್ ಇಳಿಯುವ ಹೊತ್ತು

"ನಾಲ್ಕು ದಿನದಿಂದ ಮಾತ್ರ ಥೈರಾಯ್ಡ್ ಮಾತ್ರೆ ಸರಿಯಾಗಿ ತಗೊಂಡಿದ್ದೀರಿ, ಅಲ್ವಾ?" ಎಂದರು ಡಾಕ್ಟರು. ರಿಪೋರ್ಟಿನಿಂದ ತಲೆ ಕೂಡ ಎತ್ತಲಿಲ್ಲ.

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಆಗಲೇ ಸಿಕ್ಕಿಬಿದ್ದಿದ್ದೆ. ರಕ್ತದಲ್ಲಿ ಟಿ4 ಅನ್ನೋ ಥೈರಾಯ್ಡ್ ಹಾರ್ಮೋನು ನಾಲ್ಕು ದಿನ ಮಾತ್ರೆ ನುಂಗಿದರೂ ಚೇತರಿಸಿಕೊಂಡುಬಿಡುತ್ತದೆ. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳೋ ಟಿಎಸ್‌ಎಚ್ ಹಾಗಲ್ಲ, ಹಾರ್ಮೋನು ಕಮ್ಮಿಯಾದರೆ ಏರಿ ಕೂರುತ್ತದೆ. ಅದು ಹಳೇ ಕಾಲದ ಅತ್ತೆ. ಒಂದೂವರೆ ತಿಂಗಳು ನಿಮ್ಮ ನಡತೆ ನೋಡಿಯೇ ಇಳಿಯೋದು. ಟಿ4 ನೆಟ್ಟಗಿದ್ದು ಟಿಎಸ್‌ಎಚ್ ಮಾತ್ರ 11ಕ್ಕೆ ಏರಿದ್ದರೆ ಏನರ್ಥ? ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದಾಳೆ ಅಂತ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರೂ ನನ್ನನ್ನು ಹೀಗೇ ಹಿಡಿದಿದ್ದರು.

"ಇಲ್ಲ ಡಾಕ್ಟ್ರೇ, ದಿನಾ ತಗೊಳ್ತೀನಿ" ಎಂದೆ. ಐವತ್ತಾರು ವರ್ಷದ ಹೆಂಗಸು, ಸೊಸೆ ತಂದಿರುವವಳು, ಒಂದು ಸಾಸಿವೆ ಗಾತ್ರದ ಮಾತ್ರೆಗೋಸ್ಕರ ಸುಳ್ಳು ಹೇಳಿದೆ.

ನನ್ನ ಕಷ್ಟ ಅವರಿಗೇನು ಗೊತ್ತು? ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆ ನೀರು ಬಿಟ್ಟು ಬೇರೇನೂ ಕುಡಿಯುವ ಹಾಗಿಲ್ಲ. ಹೇಳೋದಕ್ಕೆ ಇಷ್ಟೇ. ಆದರೆ ನಮ್ಮ ಮೈಸೂರಿನ ಮನೆಯಲ್ಲಿ ಆ ಅರ್ಧ ಗಂಟೆಯಲ್ಲೇ ಫಿಲ್ಟರಿಗೆ ಪುಡಿ ಬೀಳೋದು, ಬಿಸಿನೀರು ಸುರಿಯೋದು, ಹಾಲು ಕಾಯೋದು. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತಾ ಅಡುಗೆಮನೆಯೆಲ್ಲ ಘಮ್ ಅನ್ನುತ್ತಿರುತ್ತದೆ. ಇವರು ಹಾಲಿನಲ್ಲಿ ಪೇಪರ್ ಬಿಡಿಸಿಕೊಂಡು "ಆಯ್ತೇನೇ?" ಅನ್ನುತ್ತಾರೆ. ನಾನೇ ಬೆರೆಸಿ, ನಾನೇ ನೊರೆ ಬರಿಸಿ, ನಾನೇ ಲೋಟ ತಗೊಂಡು ಹೋಗಿ ಕೊಡಬೇಕು. ಕೊಟ್ಟು ಬಂದು ಗೋಡೆ ಗಡಿಯಾರ ನೋಡುತ್ತಾ ನಿಲ್ಲಬೇಕು. ಈ ನಿಯಮ ಬರೆದವರು ಯಾರೇ ಆಗಲಿ, ಬೆಳಗ್ಗೆ ಎದ್ದು ಇನ್ನೊಬ್ಬರಿಗೆ ಕಾಫಿ ಮಾಡಿಕೊಟ್ಟವರಂತೂ ಅಲ್ಲ.

ಮಗಳು ಬೆಂಗಳೂರಿನಿಂದ ಫೋನಿನಲ್ಲೇ ಪಾಠ ಮಾಡಿದಳು. ಮಾತ್ರೆಯ ಜೊತೆಗೆ ಕಾಫಿ ಕುಡಿದರೆ ಔಷಧಿ ಸರಿಯಾಗಿ ರಕ್ತಕ್ಕೆ ಸೇರೋದಿಲ್ಲ ಅಂತ 2008ರಲ್ಲೇ ಇಟಲಿಯ ವೈದ್ಯರು ತೋರಿಸಿದ್ದಾರಂತೆ. ಸದ್ಯ, ಇಟಲಿಯಲ್ಲೂ ನನ್ನಂಥವರಿದ್ದಾರಲ್ಲ! ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಒಂದು ವರದಿ ಕೊಟ್ಟಿತ್ತು, ಅದನ್ನೂ ಅವಳೇ ಓದಿ ಹೇಳಿದ್ದು. ಬಹಳ ಕಾಲ ಔಷಧಿ ತಗೋಬೇಕಾದ ಕಾಯಿಲೆಯವರಲ್ಲಿ, ಶ್ರೀಮಂತ ದೇಶಗಳಲ್ಲೂ, ಸರಿಯಾಗಿ ತಗೊಳ್ಳೋರು ಸುಮಾರು ಅರ್ಧದಷ್ಟು ಜನ ಮಾತ್ರ. ಅವಳು ನನ್ನನ್ನು ಬೈಯಲು ಇದನ್ನು ಓದಿದಳು. ನನಗೆ ಕೇಳಿಸಿದ್ದು ಅರ್ಧಕ್ಕರ್ಧ ಪ್ರಪಂಚ ನನ್ನ ಕಡೆ ಇದೆ ಅಂತ.

ನಮ್ಮ ಅರಸೀಕೆರೆ ಚಿಕ್ಕಪ್ಪ ಅದರಲ್ಲಿ ಯಾವ ಅರ್ಧ ಅಂತ ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.

ಚಿಕ್ಕಪ್ಪನಿಗೆ ಒಂದು ಸಲ ಕಾಮಾಲೆ ಆಯಿತು. ಊರಿನ ಡಾಕ್ಟರು ನೋಡಿ, "ರೆಸ್ಟ್ ತಗೊಳ್ಳಿ, ನೀರು ಕಾಯಿಸಿ ಕುಡೀರಿ, ಕೆಲವು ವಾರದಲ್ಲಿ ತಾನಾಗಿ ಹೋಗುತ್ತೆ" ಎಂದರು. ತಾನಾಗಿ ಹೋಗುವ ಕಾಯಿಲೆಗೆ ಚಿಕ್ಕಪ್ಪ ಎಂಥ ಮರ್ಯಾದೆ ಕೊಟ್ಟಾರು? ಭಾನುವಾರ ಕತ್ತಲಲ್ಲೇ ಎದ್ದು ನಾಟಿ ಔಷಧಿ ಕೊಡುವವರ ಹಳ್ಳಿಗೆ ಹೊರಟರು. ಅಲ್ಲಿ ಸೂರ್ಯ ಹುಟ್ಟುವ ಮೊದಲು ಸಾಲಿನಲ್ಲಿ ಕೂರಬೇಕು. ಯಾವ ಸೊಪ್ಪು ಅಂತ ಕೇಳಬಾರದು. ಹಾಲಿನಲ್ಲಿ ಕಲಸಿ ಕೊಟ್ಟದ್ದನ್ನು ಒಂದೇ ಗುಟುಕಿಗೆ ಕುಡಿದು, ಹಿಂದೆ ತಿರುಗಿ ನೋಡದೆ ಬರಬೇಕು. ಆಮೇಲೆ ಒಂದು ತಿಂಗಳು ಪಥ್ಯ. ಎಣ್ಣೆ ಇಲ್ಲ, ಖಾರ ಇಲ್ಲ, ಅರಿಶಿನ ಇಲ್ಲ, ಒಗ್ಗರಣೆಯಂತೂ ಇಲ್ಲವೇ ಇಲ್ಲ.

ಚಿಕ್ಕಪ್ಪ ಅದನ್ನು ಇನ್ನೂ ಒಂದು ಕೈ ಮುಂದೆ ತಗೊಂಡು ಹೋದರು. ಒಗ್ಗರಣೆಯ ವಾಸನೆ ಮೂಗಿಗೆ ಬಿದ್ದರೂ ಪಥ್ಯ ಕೆಟ್ಟ ಹಾಗೇ ಅಂದರು. ಆರು ಜನರ ಮನೆ ಒಂದು ತಿಂಗಳು ಒಗ್ಗರಣೆ ಇಲ್ಲದ ಸಾರು ಉಂಡಿತು. ಚಿಕ್ಕಮ್ಮ ಸಾಸಿವೆ ಡಬ್ಬಿಯನ್ನು ಅಟ್ಟಕ್ಕೆ ಸೇರಿಸಿದಳು. ಹುಡುಗರು ಟ್ಯೂಷನ್ ನೆಪ ಹೇಳಿ ಸ್ಟೇಷನ್ ರಸ್ತೆಯಲ್ಲಿ ಬೋಂಡಾ ತಿಂದು, ಮನೆಗೆ ಬರುವ ಮುಂಚೆ ಬೀದಿ ನಲ್ಲಿಯಲ್ಲಿ ಬಾಯಿ ತೊಳೆಯುತ್ತಿದ್ದರು. ನಡುವೆ ಯುಗಾದಿ ಬಂತು. ಒಬ್ಬಟ್ಟು ಮಾಡಿ ಅವರಿಗೊಂದು ಬಡಿಸದೇ ಇರುವುದು ಹೇಗೆ? ಚಿಕ್ಕಪ್ಪ ಗೋಡೆಗೆ ಮುಖ ಮಾಡಿ ಕೂತು ಮಜ್ಜಿಗೆ ಅನ್ನ ಕಲಸಿದರು. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು, ಮನುಷ್ಯ ಖುಷಿಯಾಗಿದ್ದಾರೆ ಅಂತ.

ಕಾಮಾಲೆ ಹೋಯಿತು. ಡಾಕ್ಟರು ಹೇಳಿದಷ್ಟೇ ದಿನಕ್ಕೆ.

ಇದೇ ಮಹಾನುಭಾವರಿಗೆ ನಾಲ್ಕು ವರ್ಷದ ಮೇಲೆ ಬಿಪಿ ಬಂತು. ದಿನಕ್ಕೊಂದು ಮಾತ್ರೆ, ಪಥ್ಯ ಏನೂ ಇಲ್ಲ, ಉಪ್ಪು ಸ್ವಲ್ಪ ಕಮ್ಮಿ ಮಾಡಿ ಸಾಕು ಎಂದರು ಡಾಕ್ಟರು. ಹತ್ತು ದಿನ ತಗೊಂಡರು. ಬಿಪಿ ಇಳಿಯಿತು. "ಇಳೀತಲ್ಲ, ಇನ್ಯಾಕೆ?" ಅಂತ ಬಿಟ್ಟರು. ಮತ್ತೆ ಏರಿತು. ಆಮೇಲೆ ದಿನ ಬಿಟ್ಟು ದಿನ. "ಮೈಗೆ ಅಭ್ಯಾಸ ಆಗಿಬಿಟ್ರೆ ಕಷ್ಟ ಕಣಮ್ಮ." ಮಿಕ್ಕ ಮಾತ್ರೆಗಳೆಲ್ಲ ದೇವರ ಫೋಟೋದ ಹಿಂದೆ ಸೇರಿದವು. ದೀಪಾವಳಿಗೆ ಧೂಳು ಹೊಡೆಯುವಾಗ ಏಳು ಪಟ್ಟಿ ಸಿಕ್ಕಿದವು.

"ಪಥ್ಯ ಅಷ್ಟು ಚೆನ್ನಾಗಿ ಮಾಡಿದ್ರಿ, ಇದ್ಯಾಕೆ ಚಿಕ್ಕಪ್ಪ?" ಎಂದು ಕೇಳಿದ್ದೆ.

"ಆ ಯಪ್ಪ ತಲೆ ಮೇಲೆ ಕೈ ಇಟ್ಟು ಹೋಗ್ಬಾ ಅಂದ. ಇವರು ನನ್ನ ಮುಖ ನೋಡಿದ್ರಾ?"

ನ್ಯಾಯ ಅನ್ನಿಸಿಬಿಟ್ಟಿತು. ಎರಡು ಗಂಟೆ ಕಾಯಿಸಿ ಎರಡು ನಿಮಿಷ ನೋಡುತ್ತಾರೆ. ಚೀಟಿ ಮೇಲೆ ಕೋಳಿ ಕೆದಕಿದ ಹಾಗೆ ಏನೋ ಗೀಚುತ್ತಾರೆ. ಮೆಡಿಕಲ್ ಶಾಪಿನ ಹುಡುಗ ಪಟ್ಟಿಯನ್ನು ಕತ್ತರಿಸುವಾಗ ಮಾತ್ರೆಯ ಹೆಸರು, ಎಕ್ಸ್‌ಪೈರಿ ತಾರೀಕು ಎರಡೂ ಅವನ ಕಡೆಗೇ ಉಳಿಯುವ ಹಾಗೆ ಕತ್ತರಿಸುತ್ತಾನೆ. ಕವರಿನ ಮೇಲೆ 1-0-1 ಎಂದು ಬರೆದು "ನೆಕ್ಸ್ಟ್" ಅನ್ನುತ್ತಾನೆ. ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಿದರೆ ನಾವು ಅವನ ಆಸ್ತಿ ಕೇಳಿದ ಹಾಗೆ ನೋಡುತ್ತಾನೆ. ಇಷ್ಟೆಲ್ಲ ಆದಮೇಲೆ, ಮಾತು ಕೇಳದವರು ಅನ್ನುವ ಬಿರುದು ನಮಗೆ!

ಆದರೆ ನನ್ನ ಡಾಕ್ಟರು ಮುಖ ನೋಡದೇ ಇರುವವರೇನಲ್ಲ. ಅವತ್ತು ನನ್ನ ಸುಳ್ಳು ಕೇಳಿ ನಕ್ಕರು. "ಬೆಳಗ್ಗೆ ಆಗದಿದ್ರೆ ರಾತ್ರಿ ಮಲಗುವಾಗ ತಗೊಳ್ಳಿ, ಊಟ ಆಗಿ ಮೂರು ಗಂಟೆ ಆಗಿರಬೇಕು ಅಷ್ಟೇ" ಎಂದರು. ನಮ್ಮನೆಯವರು ಟಿವಿ ಮುಗಿಸಿ ಊಟಕ್ಕೆ ಏಳೋದೇ ಹತ್ತಕ್ಕೆ. ಅದಕ್ಕೆ ಮೂರು ಸೇರಿಸಿದರೆ ನಾನು ಗೂರ್ಖನ ಜೊತೆ ಎದ್ದಿರಬೇಕಾಗುತ್ತದೆ. ಬೆಳಗ್ಗೆಯೇ ಇರಲಿ ಅಂದೆ.

ಇವತ್ತು ಐದೂ ಐವತ್ತಕ್ಕೆ ನುಂಗಿದ್ದೇನೆ, ಆಣೆಗೂ. ಈಗ ಆರೂ ಎಂಟು. ಹದಿನೆಂಟು ನಿಮಿಷ ಆಯಿತು. ನಮ್ಮ ಗಡಿಯಾರ ಹೇಗೂ ಸ್ವಲ್ಪ ಹಿಂದೆ ಅಂತ ಇವರು ಯಾವಾಗಲೂ ಹೇಳುತ್ತಿರುತ್ತಾರೆ. ಎಷ್ಟು ಹಿಂದೆ ಅಂತ ಕೇಳೋಣ ಅಂತ ಹಾಲಿಗೆ ಹೋಗಿ ಬರುವಷ್ಟರಲ್ಲಿ ಹಾಲು ಉಕ್ಕಿತ್ತು.