ಮೂಗಿಗೊಂದು ಸುತ್ತೋಲೆ

ಜ್ವರ, ಕೆಮ್ಮು, ನೆಗಡಿ ಇದ್ದರೆ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಅಂತ 2025ರಲ್ಲಿ ಸರ್ಕಾರ ಹೊರಡಿಸಿದ ಸುತ್ತೋಲೆ ನೆನಪಿದೆಯಲ್ವಾ? ಕೊರೊನಾ ಮತ್ತೆ ಇಣುಕಿದಾಗ ಬಂದದ್ದು. ಕೊರೊನಾ ಸುದ್ದಿ ತಣ್ಣಗಾಯಿತು. ಸುತ್ತೋಲೆ ಮಾತ್ರ ಕಲಬುರಗಿಯ ಶಾಲೆಗಳ ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ಜೀವಂತವಾಗಿದೆ. ಹುಡುಗ ಒಂದು ಸಲ ಸೀನಿದರೆ ಸಾಕು, ಟೀಚರ್ ಫೋನ್: "ಕರ್ಕೊಂಡ್ ಹೋಗ್ರಿ."

ಎಂಥ ದೂರದೃಷ್ಟಿ! ಸಣ್ಣ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಮಾಮೂಲು. ಒಂದೊಂದು ವಾರ, ಹತ್ತು ದಿನ ಇರುತ್ತದೆ. ಗುಣಿಸಿ ನೋಡಿ, ಹೆಚ್ಚುಕಡಿಮೆ ಎರಡು ತಿಂಗಳು ಮನೆಯಲ್ಲೇ. 2025ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಕಡೆಯವರಾದದ್ದು ನಾವು. ಪಾಪ, ಇಷ್ಟು ದಿನ ಶಿಕ್ಷಕರ ಕೊರತೆ ಅಂತ ಸುಮ್ನೆ ಏನೇನೋ ಹೇಳುತ್ತಿದ್ದೆವು. ಮುಂದೆ ಮೂಗನ್ನು ಹಿಡಿದರಾಯಿತು.

ಇನ್ನೊಂದು ತಮಾಷೆ. ನೆಗಡಿ ಮೊದಲ ಎರಡು ಮೂರು ದಿನದಲ್ಲೇ ಜಾಸ್ತಿ ಹರಡುತ್ತದೆ. ಟೀಚರ್ ಫೋನ್ ಮಾಡುವ ಹೊತ್ತಿಗೆ ಪಕ್ಕದ ಬೆಂಚಿನವನು ತನ್ನ ಪಾಲು ಇಸ್ಕೊಂಡಿರುತ್ತಾನೆ.

ಮನೆಯಲ್ಲಿ ವಿಚಾರಣೆ ಬೇರೆ ಥರ ನಡೆಯುತ್ತದೆ. ಅಜ್ಜಿಯ ಪ್ರಕಾರ ಆರೋಪಿ ಪೇರಲ ಹಣ್ಣು. ಅಪ್ಪನ ಪ್ರಕಾರ ಐಸ್‌ಕ್ರೀಮ್. ಅಮ್ಮನ ಪ್ರಕಾರ ತಲೆ ಒರೆಸದೆ ಓಡಿಹೋದದ್ದು. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಗೆಂದೇ ಒಂದು ಸಂಶೋಧನಾ ಘಟಕ ತೆರೆದರು. ತಾವಾಗಿ ಬಂದವರನ್ನು ಒದ್ದೆ ಮಾಡಿ, ಗಾಳಿ ಬೀಸುವ ಪಡಸಾಲೆಯಲ್ಲಿ ನಿಲ್ಲಿಸಿ ನೋಡಿದರು. ಅಲ್ಲಿ ಹಾಗೆ ನಿಂತವರಿಗೆ ನೆಗಡಿಯೇನೂ ಜಾಸ್ತಿ ಬರಲಿಲ್ಲ. ಬರೀ ಥಂಡಿಯಿಂದಲೇ ಬರುವುದಾದರೆ ಚಳಿಗಾಲದ ಬೀದರ್ ಮುಗಿದೇಹೋಗುತ್ತಿತ್ತು, ಕಲಬುರಗಿಯವರ ಮೂಗಿಗೆ ಮೇ ತಿಂಗಳಲ್ಲಿ ಮುಕ್ತಿ ಸಿಗಬೇಕಿತ್ತು. ಸಿಕ್ಕಿದೆಯಾ?

ನೆಗಡಿ ತರುವ ವೈರಸ್‌ಗಳೇ 200ಕ್ಕೂ ಹೆಚ್ಚಿವೆ. ರೈನೋವೈರಸ್ ಒಂದರಲ್ಲೇ 160ರಷ್ಟು ಬಗೆ. ಒಂದಕ್ಕೆ ಮೈ ಒಗ್ಗುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ನಿದ್ದೆಗೆಟ್ಟವರನ್ನು, ಚಿಂತೆಯಲ್ಲಿ ಸೊರಗಿದವರನ್ನು ಅದು ಬೇಗ ಹಿಡಿಯುತ್ತದೆ. ದಿನಕ್ಕೆ ಆರು ತಾಸಿಗಿಂತ ಕಡಿಮೆ ಮಲಗುವವರಿಗೆ, ಏಳು ತಾಸು ಮೀರಿ ಮಲಗುವವರಿಗಿಂತ ನೆಗಡಿ ಹತ್ತುವ ಸಾಧ್ಯತೆ ನಾಲ್ಕು ಪಟ್ಟು ಎಂದು 2015ರ ಒಂದು ಅಧ್ಯಯನ ಹೇಳಿತು. ಬೇಸಿಗೆ ರಾತ್ರಿ ಕರೆಂಟ್ ತೆಗೆದು ನಮ್ಮನ್ನು ಮಾಳಿಗೆ ಮೇಲೆ ಹೊರಳಾಡಿಸುವವರಿಗೂ ಒಂದು ಸುತ್ತೋಲೆ ಕಳಿಸಬಹುದಿತ್ತು.

ಔಷಧಿ ಅಂಗಡಿಯ ಕಥೆ ಗೊತ್ತಿದ್ದದ್ದೇ. "ಅಣ್ಣಾ, ನೆಗಡಿ ಆಗ್ಯಾದ." ಚೀಟಿ ಕೇಳುವವರಿಲ್ಲ. ಕತ್ತರಿಯಿಂದ ಕತ್ತರಿಸಿದ ನಾಲ್ಕು ಬಣ್ಣದ ಗುಳಿಗೆ, ಅದರಲ್ಲೊಂದು ಆಂಟಿಬಯೋಟಿಕ್. ವೈರಸ್‌ಗೆ ಅದು ಏನೂ ಮಾಡುವುದಿಲ್ಲ. ಏಳು ದಿನಕ್ಕೆ ನೆಗಡಿ ತಾನಾಗಿ ಹೋಗುತ್ತದೆ, ಹೆಸರು ಗುಳಿಗೆಗೆ ಬರುತ್ತದೆ.

ನಗುವುದಕ್ಕೂ ಸಾಕಾಗಿದೆ. ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರಿಸುತ್ತೀರಿ. ಮುಚ್ಚಿದ ಕಿಟಕಿ ತೆಗೆಯುವುದಿಲ್ಲ. ಕೈ ತೊಳೆಯಿರಿ ಅಂತ ಗೋಡೆಗೆ ಚಿತ್ರ ಅಂಟಿಸುತ್ತೀರಿ, ಕೆಳಗಿನ ನಲ್ಲಿ ತಿರುಗಿಸಿದರೆ ಗಾಳಿ ಬರುತ್ತದೆ. ಮಧ್ಯಾಹ್ನ ಶಾಲೆಯ ಊಟವನ್ನೇ ನಂಬಿರುವ ಮಗುವನ್ನು ಸೀನಿದ್ದಕ್ಕೆ ಮನೆಗೆ ಅಟ್ಟುತ್ತೀರಿ. ಅವರಮ್ಮ ಆ ದಿನದ ಕೂಲಿ ಬಿಟ್ಟು ಕೂರಬೇಕು. ಆ ದುಡ್ಡು ಯಾರು ಕೊಡುತ್ತೀರಿ?

ನಲ್ಲಿಯ ವಿಷಯ ಗುಂಪಿನಲ್ಲಿ ಕೇಳಿದೆ. ಉತ್ತರ ಬೇಗನೇ ಬಂತು: ನಾಳೆಯಿಂದ ಪಾಲಕರೇ ಸೋಪು ಮತ್ತು ನೀರು ಕಳಿಸತಕ್ಕದ್ದು.