ಹಳ್ಳಕ್ಕೂ ಒಂದು ದರ್ಜೆ

ಎರಡು ಹೆಜ್ಜೆಯಲ್ಲಿ ದಾಟಬಹುದಾದ, ನಮ್ಮ ಮನೆಯ ಹಿಂದಿನ ಹಳ್ಳವನ್ನು ಅಮೆರಿಕದ ಕನೆಕ್ಟಿಕಟ್ ರಾಜ್ಯ ಸರ್ಕಾರದ ನಕ್ಷೆಯಲ್ಲಿ ಕಂಡು ಹಿಗ್ಗಿದೆ. ಅದಕ್ಕೂ ಒಂದು ದರ್ಜೆ!

2011ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಇಲ್ಲಿನ ನಿಯಮ ನದಿ-ತೊರೆಗಳನ್ನು ನಾಲ್ಕು ದರ್ಜೆಗಳಲ್ಲಿಡುತ್ತದೆ. ತನ್ನಿಷ್ಟಕ್ಕೆ ಹರಿಯುವುದು ಒಂದನೆಯದು. ಮನುಷ್ಯನ ಕೈಯಲ್ಲಿ ತೀರಾ ಬದಲಾದದ್ದು ನಾಲ್ಕನೆಯದು. ಕರಡು ನಕ್ಷೆ ತೋರಿಸಿ, ಜನರ ಅಭಿಪ್ರಾಯ ಕೇಳಿಯೇ ನಿರ್ಧಾರ. ಅಣೆಕಟ್ಟಿನಿಂದ ಕೆಳಗೆ ಬಿಡಬೇಕಾದ ನೀರೂ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಕಡಲಿನ ಮೀನು ಮೊಟ್ಟೆಯಿಡಲು ಏರಿಬರುವ ವಸಂತಕ್ಕೆ ಒಂದು ಪ್ರಮಾಣ, ಮರಿಗಳು ಬೆಳೆಯುವ ಬೇಸಿಗೆಗೆ ಇನ್ನೊಂದು. ಬಾಣಂತಿಗೆ ಬೇರೆ, ಕೂಸಿಗೆ ಬೇರೆ ಅಡುಗೆ ಮಾಡುವ ಮನೆಯ ಹಾಗೆ.

ಬೆಂಗಳೂರಿನ ರಾಜಕಾಲುವೆಗಳಿಗೂ ಪ್ರಾಥಮಿಕ, ದ್ವಿತೀಯ, ತೃತೀಯ ಎಂಬ ದರ್ಜೆಗಳಿವೆ. ಆದರೆ ಜಗಳವೆಲ್ಲ ದಡದ ಮೀಟರುಗಳದ್ದು. 2016ರಲ್ಲಿ ಹಸಿರು ನ್ಯಾಯಮಂಡಳಿ ದಡದಿಂದ ಕ್ರಮವಾಗಿ 50, 35, 25 ಮೀಟರ್ ಕಟ್ಟಡವಿಲ್ಲದೆ ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಒಳಗೆ ಎಂಥ ನೀರು, ಎಷ್ಟು ಹರಿಯಬೇಕೆಂಬುದು ಬದಿಗೇ ಉಳಿಯಿತು. ಕಾವೇರಿ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ಹಂಚುವಾಗ ಪರಿಸರಕ್ಕೆಂದು 10 ಟಿಎಂಸಿ ತೆಗೆದಿಟ್ಟಿತು. ನಮ್ಮ ಜಗುಲಿಯ ಕಾವೇರಿ ಚರ್ಚೆಗಳಲ್ಲಿ ಆ ಹತ್ತರ ಮಾತು ಬಂದ ನೆನಪೇ ನನಗಿಲ್ಲ.

ಶಿರಸಿಯವನಾದ ನನ್ನ ಸಂಕಟ ಅಘನಾಶಿನಿಯದು. ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ಆ ಹೊಳೆ ಇಲ್ಲಿದ್ದಿದ್ದರೆ ಬಹುಪಾಲು ಒಂದನೇ ದರ್ಜೆ ಪಡೆಯುತ್ತಿತ್ತು. ಅದರ ಸಿಹಿನೀರು ಉಪ್ಪುನೀರಿಗೆ ಕೂಡುವುದರಿಂದಲೇ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತ, ಬಳಚು ಎಂಬ ಚಿಪ್ಪುಜೀವಿ ಹೆಕ್ಕುವವರ ಹೊಟ್ಟೆಪಾಡು. ಊರಿಗೆ ಹೋದಾಗ ನೆಂಟರೊಬ್ಬರು, ‘ಸುಮ್ಮನೆ ಸಮುದ್ರಕ್ಕೆ ದಂಡ, ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸಿದರೇನು?’ ಎಂದರು. ಊಟ ರುಚಿಸಲಿಲ್ಲ.

ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಒಪ್ಪುತ್ತೇನೆ. ಇಲ್ಲಿ ವರ್ಷವಿಡೀ ಮಳೆಯೋ ಹಿಮವೋ ಬೀಳುತ್ತದೆ. ನಮ್ಮದು ನಾಲ್ಕು ತಿಂಗಳ ಭಾಗ್ಯ. ಈ ಪುಟ್ಟ ರಾಜ್ಯಕ್ಕೂ ಬುದ್ಧಿ ಬಂದದ್ದು ನಾಲ್ಕು ಸಾವಿರಕ್ಕೂ ಹೆಚ್ಚು ಅಣೆಕಟ್ಟು ಕಟ್ಟಿದ ಮೇಲೆಯೇ. 2005ರಲ್ಲಿ ಬಾವಿಗಳಿಂದ ನೀರೆತ್ತಿ ಫೆಂಟನ್ ನದಿಯ ಒಂದು ಭಾಗವೇ ಬತ್ತಿತ್ತು. ಆದರೂ ನಿಯಮದ ಹಿಡಿತ ಅಣೆಕಟ್ಟುಗಳಿಗಷ್ಟೇ, ಬಾವಿಗಳಿಗಿಲ್ಲ. ಅರೆಬರೆಯೇ ಸರಿ, ಅಷ್ಟಾದರೂ ನಮಗೆ ಬೇಕು. ಅಘನಾಶಿನಿಯನ್ನು ವೇದಾವತಿಗೆ ತಿರುಗಿಸುವ ಯೋಜನೆಯ ಕಡತ ಒಂದು ಮೇಜು ಮುಂದೆ ಹೋಗುವ ಮೊದಲು, ಯಾವ ತಿಂಗಳು ಎಷ್ಟು ನೀರು ಹೊಳೆ ಕಡಲು ಸೇರುವ ತದಡಿಯ ಅಳಿವೆಗೆ ತಲುಪಲೇಬೇಕೆಂದು ಸರ್ಕಾರ ಬರೆದು, ಬಳಚು ಹೆಕ್ಕುವವರಿಗೆ ಓದಿ ಹೇಳಲಿ.