ಬೆಲೆ ಏರಿದಾಗ ಮಾಡಿದ ಸಾಲ

ಕೊಡಗಿನ ನೆಲದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೂ ಅದು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಹೀಗಿದ್ದರೂ ಈ ಸಲದ ಕೊಯ್ಲಿನ ದಿನಗಳಲ್ಲಿ, ಸಂಜೆ ಕಣದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿ ಮನೆಗೆ ಬಂದ ಮೇಲೆ, ಅಮೆರಿಕದ ಪೀಬಾಡಿ ಎಂಬ ಕಲ್ಲಿದ್ದಲು ಕಂಪನಿಯ ಏಳುಬೀಳಿನ ಬಗ್ಗೆ ಓದುತ್ತಿದ್ದೇನೆ. ಅದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಕಾಫಿಯ ಬೆಲೆ ಟನ್ನಿಗೆ 5,000 ಡಾಲರ್ ದಾಟಿದ ಮೇಲೆ ನಮ್ಮಲ್ಲಿ ಮದುವೆ ಮನೆಯಿಂದ ಬ್ಯಾಂಕಿನ ಮೆಟ್ಟಿಲವರೆಗೆ ಎಲ್ಲೆಲ್ಲೂ ಪಕ್ಕದ ತೋಟವನ್ನು ಸಾಲ ಮಾಡಿ ಕೊಳ್ಳುವ ಮಾತೇ ನಡೆಯುತ್ತಿದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಕಂಪನಿ ನೆನಪಾಗುತ್ತದೆ.

1883ರಲ್ಲಿ ಫ್ರಾನ್ಸಿಸ್ ಪೀಬಾಡಿ ಎಂಬ ತರುಣ ಒಬ್ಬ ಪಾಲುದಾರನನ್ನು ಕಟ್ಟಿಕೊಂಡು ಷಿಕಾಗೊ ನಗರದ ಮನೆಗಳಿಗೆ ಕುದುರೆಗಾಡಿಯಲ್ಲಿ ಕಲ್ಲಿದ್ದಲು ಮಾರುತ್ತಿದ್ದ. ಗಣಿ ಅವನದಾಗಿರಲಿಲ್ಲ, ಇನ್ನೊಬ್ಬರು ತೆಗೆದದ್ದನ್ನು ಕೊಂಡು ಮಾರುವುದಷ್ಟೇ ಅವನ ವ್ಯಾಪಾರ. ಹನ್ನೆರಡು ವರ್ಷಗಳ ನಂತರ ಇಲಿನಾಯ್ ರಾಜ್ಯದಲ್ಲಿ ತನ್ನದೇ ಮೊದಲ ಗಣಿಯನ್ನು ತೆರೆದ. ಮುಂದಿನ ಶತಮಾನದಲ್ಲಿ ಅವನ ಕಂಪನಿ ಕೈಯಿಂದ ಕೈಗೆ ದಾಟುತ್ತ, ವಿದ್ಯುತ್ ಕಂಪನಿಗಳೊಂದಿಗೆ ದೀರ್ಘಾವಧಿಯ ಕರಾರುಗಳನ್ನು ಮಾಡಿಕೊಳ್ಳುತ್ತ, ಖಾಸಗಿ ವಲಯದಲ್ಲಿ ಜಗತ್ತಿನ ಅತಿದೊಡ್ಡ ಕಲ್ಲಿದ್ದಲು ಕಂಪನಿಯಾಗಿ ಬೆಳೆಯಿತು.

ಆ ಬೆಳವಣಿಗೆಯ ಒಂದು ಅಧ್ಯಾಯದ ಮುಂದೆ ನಾನು ಬಹಳ ಹೊತ್ತು ನಿಂತೆ. ಅರಿಜೋನಾ ಮರುಭೂಮಿಯಲ್ಲಿ ಬ್ಲ್ಯಾಕ್ ಮೆಸಾ ಎಂಬ ಎತ್ತರದ ನೆಲವಿದೆ. ಅದು ನವಾಹೊ ಮತ್ತು ಹೋಪಿ ಬುಡಕಟ್ಟುಗಳಿಗೆ ಸೇರಿದ್ದು. 1960ರ ದಶಕದಲ್ಲಿ ಪೀಬಾಡಿ ಕಂಪನಿ ಅಲ್ಲಿ ಗಣಿ ಗುತ್ತಿಗೆ ಪಡೆಯಿತು. ತೆಗೆದ ಕಲ್ಲಿದ್ದಲನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 440 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ನೆವಾಡದ ವಿದ್ಯುತ್ ಸ್ಥಾವರಕ್ಕೆ ಸಾಗಿಸಲಾಗುತ್ತಿತ್ತು. ಅದಕ್ಕಾಗಿ ಮರುಭೂಮಿಯ ಅಂತರ್ಜಲದಿಂದ ದಿನಕ್ಕೆ ಒಂದು ಕೋಟಿ ಲೀಟರಿಗೂ ಹೆಚ್ಚು ಶುದ್ಧ ನೀರನ್ನು ಎತ್ತುತ್ತಿದ್ದರು. ಊರಿನ ಜನ ದೂರದಿಂದ ಕ್ಯಾನುಗಳಲ್ಲಿ ಕುಡಿಯುವ ನೀರು ಹೊತ್ತು ತರುತ್ತಿದ್ದ ಸೀಮೆ ಅದು. ಗುತ್ತಿಗೆಯ ಮಾತುಕತೆಯಲ್ಲಿ ಹೋಪಿಗಳ ಪರವಾಗಿದ್ದ ವಕೀಲ ಜಾನ್ ಬಾಯ್ಡನ್ ಅದೇ ಕಾಲದಲ್ಲಿ ಪೀಬಾಡಿಗೂ ಕೆಲಸ ಮಾಡುತ್ತಿದ್ದನೆಂಬುದು ಎಷ್ಟೋ ವರ್ಷಗಳ ನಂತರ ದಾಖಲೆಗಳಿಂದ ಹೊರಬಿತ್ತು. 2005ರ ಕೊನೆಯಲ್ಲಿ ನೆವಾಡದ ಸ್ಥಾವರ ಮುಚ್ಚಿತು, ಕೊಳವೆಯೂ ನಿಂತಿತು. ಕಾವೇರಿ ಹುಟ್ಟುವ ನಾಡಿನಲ್ಲಿದ್ದುಕೊಂಡು ಬೇಸಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವುದನ್ನು ಕಲಿತಿರುವ ನಮಗೆ ಆ ಜನರ ನೋವು ಅರ್ಥವಾಗದೆ ಇರದು.

ಇನ್ನು ಕಂಪನಿ ಬಿದ್ದ ಬಗೆ. ಪರಿಸರದ ಕಾನೂನುಗಳೇ ಕಲ್ಲಿದ್ದಲು ಕಂಪನಿಗಳನ್ನು ಮುಳುಗಿಸಿದವು ಎಂದು ಹೇಳುವವರಿದ್ದಾರೆ. ಆ ಕಾನೂನುಗಳ ಪಾಲು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಶೇಲ್ ಎಂಬ ಬಂಡೆಗಳಿಂದ ತೆಗೆದ ಅಗ್ಗದ ಅನಿಲ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಜಾಗಕ್ಕೆ ಬಂದು ಕೊಟ್ಟ ಪೆಟ್ಟು ಅದಕ್ಕಿಂತ ದೊಡ್ಡದು, ಮತ್ತು ಆ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿಯನ್ನು ಕಂಪನಿ ತಾನಾಗಿಯೇ ಕಳೆದುಕೊಂಡಿತ್ತು ಎಂಬುದು ನನ್ನ ಅಭಿಪ್ರಾಯ. 2010ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಭಾರೀ ಪ್ರವಾಹ ಬಂದು ಗಣಿಗಳೊಳಗೆ ನೀರು ನಿಂತಿತು. ಉಕ್ಕು ತಯಾರಿಕೆಗೆ ಬೇಕಾದ ಕಲ್ಲಿದ್ದಲಿಗೆ ಕೊರತೆಯಾಗಿ 2011ರಲ್ಲಿ ಅದರ ಬೆಲೆ ಟನ್ನಿಗೆ 330 ಡಾಲರ್ ತಲುಪಿತು. ಅದೇ ವರ್ಷ ಪೀಬಾಡಿ ಸುಮಾರು 500 ಕೋಟಿ ಡಾಲರ್ ವೆಚ್ಚದಲ್ಲಿ, ಬಹುಪಾಲು ಸಾಲದ ಹಣದಿಂದ, ಆಸ್ಟ್ರೇಲಿಯಾದ ಮೆಕಾರ್ಥರ್ ಕೋಲ್ ಕಂಪನಿಯನ್ನು ಕೊಂಡಿತು. ಚೀನಾದ ಉಕ್ಕಿನ ಹಸಿವು ಎಂದಿಗೂ ತೀರದು ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. 2016ರ ಆರಂಭಕ್ಕೆ ಅದೇ ಕಲ್ಲಿದ್ದಲಿನ ಬೆಲೆ 81 ಡಾಲರಿಗೆ ಇಳಿದಿತ್ತು. ಸಾಲ ಮಾತ್ರ ಇಳಿದಿರಲಿಲ್ಲ. 2016ರ ಏಪ್ರಿಲ್ 13ರಂದು, ಸುಮಾರು 1,000 ಕೋಟಿ ಡಾಲರ್ ಸಾಲವನ್ನು ತೋರಿಸಿ ಪೀಬಾಡಿ ಸೇಂಟ್ ಲೂಯಿಸ್ ನಗರದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು.

ಈ ಲೆಕ್ಕವನ್ನು ಓದುವಾಗ ನನಗೆ ಕಂಡದ್ದು ನನ್ನ ಅಪ್ಪ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು, ಇಲ್ಲಿ ನಮ್ಮ ಕಾಫಿಗೆ ಕಂಡುಕೇಳರಿಯದ ಬೆಲೆ ಬಂತು. ಅಪ್ಪ ಬ್ಯಾಂಕಿನಲ್ಲಿ ಸಾಲ ಮಾಡಿ ತೋಡಿನ ಆಚೆಗಿನ ಎಂಟು ಎಕರೆ ಕೊಂಡರು. 2001ರ ಹೊತ್ತಿಗೆ ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ಟನ್ನಿಗೆ 500 ಡಾಲರಿಗೂ ಕೆಳಗೆ ಕುಸಿದು, ಕೊಯ್ಲಿನ ಕೂಲಿಯೂ ಹುಟ್ಟದಂತಾಯಿತು. ಆ ಎಂಟು ಎಕರೆಯನ್ನು ಬಂದ ಬೆಲೆಗೆ ಕೊಟ್ಟ ದಿನ ಅಪ್ಪ ಕಣದ ಅಂಚಿನಲ್ಲಿ ಕುಳಿತು ಕಾಫಿ ಚೆರಿಯನ್ನು ಹಿಡಿಹಿಡಿಯಾಗಿ ಎತ್ತಿ ಮತ್ತೆ ಅಲ್ಲೇ ಸುರಿಯುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಬ್ರೆಜಿಲ್‌ನ ಹಿಮದಿಂದ ಬಂದ ಬೆಲೆ ನಮ್ಮ ಶ್ರಮದ ಬೆಲೆಯಾಗಿರಲಿಲ್ಲ. ಕ್ವೀನ್ಸ್‌ಲ್ಯಾಂಡಿನ ನೆರೆಯಿಂದ ಬಂದ ಬೆಲೆಯೂ ಪೀಬಾಡಿಯ ಜಾಣತನದ ಬೆಲೆಯಾಗಿರಲಿಲ್ಲ.

ಅಪ್ಪ ಕಳೆದುಕೊಂಡದ್ದು ತಮ್ಮದನ್ನೇ. ಪೀಬಾಡಿಯ ವಿಷಯದಲ್ಲಿ ಹಾಗಾಗಲಿಲ್ಲ ಎಂಬುದೇ ನನಗೆ ಸಹಿಸಲಾಗದ ಸಂಗತಿ. 2007ರಲ್ಲಿ, ಇನ್ನೂ ಒಳ್ಳೆಯ ಕಾಲವಿದ್ದಾಗಲೇ, ಅದು ಪಶ್ಚಿಮ ವರ್ಜೀನಿಯಾ ಮತ್ತು ಕೆಂಟಕಿಯ ಕಾರ್ಮಿಕ ಸಂಘವಿದ್ದ ಗಣಿಗಳನ್ನು ಪ್ರತ್ಯೇಕಿಸಿ ಪೇಟ್ರಿಯಟ್ ಕೋಲ್ ಎಂಬ ಬೇರೆ ಕಂಪನಿ ಮಾಡಿತು. ಗಣಿಗಳ ಜೊತೆಗೆ ನಿವೃತ್ತ ಕಾರ್ಮಿಕರ ಚಿಕಿತ್ಸೆಯ ಹೊಣೆಯೂ ಅತ್ತ ಹೋಯಿತು. ಮರುವರ್ಷ ಪೇಟ್ರಿಯಟ್ ಇನ್ನೊಂದು ಕಂಪನಿಯನ್ನು ಕೊಂಡಾಗ, ಆರ್ಚ್ ಎಂಬ ಮತ್ತೊಂದು ದೊಡ್ಡ ಕಂಪನಿಯ ಹಳೆಯ ಕಾರ್ಮಿಕರ ಭಾರವೂ ಅದರ ತಲೆಯ ಮೇಲೆ ಬಂತು. 2012ರ ಜುಲೈನಲ್ಲಿ ಪೇಟ್ರಿಯಟ್ ದಿವಾಳಿಯಾಯಿತು. ಅದರ ಪಟ್ಟಿಯಲ್ಲಿದ್ದ ನಿವೃತ್ತರಲ್ಲಿ ಬಹುಪಾಲು ಜನ ಆ ಕಂಪನಿಯಲ್ಲಿ ಒಂದು ದಿನವೂ ದುಡಿದವರಲ್ಲ. ಅವರು ಜೀವಮಾನವಿಡೀ ದುಡಿದದ್ದು ಪೀಬಾಡಿಗೆ, ಇಲ್ಲವೇ ಆರ್ಚ್‌ಗೆ. ಕಲ್ಲಿದ್ದಲಿನ ದೂಳು ಶ್ವಾಸಕೋಶದಲ್ಲಿ ಕೂತು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ವೃದ್ಧರು ಅವರಲ್ಲಿದ್ದರು. 1946ರಲ್ಲಿ ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿದ್ದಾಗ ಸಂಘದ ನಾಯಕ ಜಾನ್ ಲೂಯಿಸ್ ಮಾಡಿಕೊಂಡ ಒಪ್ಪಂದದಿಂದ ಗಣಿ ಕಾರ್ಮಿಕರ ಆರೋಗ್ಯ ಮತ್ತು ಪಿಂಚಣಿ ನಿಧಿ ಹುಟ್ಟಿತ್ತು. ಆ ಮಾತನ್ನು ನಂಬಿ ಅವರು ದುಡಿದಿದ್ದರು. 2013ರ ಮೇ ತಿಂಗಳಲ್ಲಿ ನ್ಯಾಯಾಲಯ ಪೇಟ್ರಿಯಟ್‌ಗೆ ಆ ಹೊಣೆಯಿಂದ ಕಳಚಿಕೊಳ್ಳಲು ಅನುಮತಿ ಕೊಟ್ಟಿತು. ಸಾವಿರಾರು ಜನ ಸೇಂಟ್ ಲೂಯಿಸ್‌ನ ಬೀದಿಗೆ ಇಳಿದ ಮೇಲೆ, ಅದೇ ವರ್ಷ ಅಕ್ಟೋಬರಿನಲ್ಲಿ, ಪೀಬಾಡಿ 31 ಕೋಟಿ ಡಾಲರ್ ಕೊಡಲು ಒಪ್ಪಿತು. 2015ರಲ್ಲಿ ಪೇಟ್ರಿಯಟ್ ಎರಡನೆಯ ಸಲ ದಿವಾಳಿಯಾಯಿತು. ಕೊನೆಗೆ 2017ರಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಹಣದಿಂದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ನಿವೃತ್ತ ಗಣಿ ಕಾರ್ಮಿಕರ ಚಿಕಿತ್ಸೆಯನ್ನು ಖಾಯಂ ಮಾಡಬೇಕಾಯಿತು.

ನಮ್ಮ ಮನೆಗೆ ಆಗಾಗ ಬರುವ ಒಬ್ಬ ಅಜ್ಜಿ ಇದ್ದಾರೆ. ಹತ್ತಿರದ ಒಂದು ತೋಟದಲ್ಲಿ ಮೂವತ್ತೊಂದು ವರ್ಷ ಕೊಯ್ಲು, ಕಳೆ, ಕಪಾತು ಎಲ್ಲವನ್ನೂ ಮಾಡಿದವರು. ಅಷ್ಟರಲ್ಲಿ ಆ ತೋಟ ಮೂರು ಸಲ ಮಾರಾಟವಾಗಿತ್ತು. ಗ್ರಾಚ್ಯುಟಿ ಕೇಳಲು ಹೋದಾಗ ಹೊಸಬರು, ‘ನಮ್ಮ ಕೈಕೆಳಗೆ ನೀವು ದುಡಿದದ್ದು ನಾಲ್ಕೇ ವರ್ಷ’ ಎಂದರಂತೆ. ಹಳಬರು ತೋಟವೇ ತಮ್ಮದಲ್ಲ ಎಂದರಂತೆ. ಪಾಸ್‌ಬುಕ್ಕು, ಮಾಸಿದ ಚೀಟಿಗಳು, ತೋಟದ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರ್ ಸಹಿ ಹಾಕಿಕೊಟ್ಟ ಒಂದು ಕಾಗದ, ಇವಿಷ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ‘ಓದಿ ನೋಡಿ ಮಗ, ಇದರಲ್ಲಿ ನನ್ನ ಹೆಸರು ಇದೆ ಅಲ್ವಾ?’ ಎಂದು ಕೇಳುತ್ತಾರೆ. ಹೆಸರು ಇದೆ. ಗ್ರಾಚ್ಯುಟಿಯ ಹಕ್ಕು 1972ರಿಂದಲೂ ಕಾನೂನಿನಲ್ಲಿದೆ. ಸತತ ಐದು ವರ್ಷ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಕೂಲಿಯ ಲೆಕ್ಕದಲ್ಲಿ ಹಣ ಸಲ್ಲಬೇಕೆಂದು ಕಾನೂನು ಹೇಳುತ್ತದೆ. ಪೇಟ್ರಿಯಟ್ ಕಥೆಯನ್ನು ಓದಿದಾಗ ಇದು ದೂರದ ದೇಶದ ಸುದ್ದಿ ಎಂದು ನನಗೆ ಅನ್ನಿಸದಿರಲು ಆ ಪ್ಲಾಸ್ಟಿಕ್ ಕವರೇ ಕಾರಣ.

ಅಗೆದ ನೆಲವನ್ನು ಸರಿಪಡಿಸುವ ಹೊಣೆಯಲ್ಲೂ ಇಂಥದೇ ಒಂದು ಏರ್ಪಾಡಿತ್ತು. ಗಣಿ ಮುಗಿದ ಮೇಲೆ ಭೂಮಿಯನ್ನು ಮೊದಲಿನಂತೆ ಮಾಡಲು ಕಂಪನಿಗಳು ಮುಂಚಿತವಾಗಿ ಭದ್ರತೆ ಕೊಡಬೇಕೆಂದು ಅಮೆರಿಕದ 1977ರ ಕಾನೂನು ಹೇಳುತ್ತದೆ. ಆದರೆ ಆರ್ಥಿಕವಾಗಿ ಗಟ್ಟಿಯಾದ ಕಂಪನಿ ಹಣ ಇಡಬೇಕಾಗಿಲ್ಲ, ತನ್ನ ಮಾತನ್ನೇ ಭದ್ರತೆಯಾಗಿ ಕೊಡಬಹುದು ಎಂಬ ಅವಕಾಶವೂ ಅದರಲ್ಲಿದೆ. ಸಾಲಗಾರ ತನಗೆ ತಾನೇ ಜಾಮೀನು ನಿಂತಂತೆ. ಪೀಬಾಡಿ ದಿವಾಳಿಯಾದ ದಿನ ಇಂಥ ಮಾತಿನ ಮೊತ್ತ ನೂರು ಕೋಟಿ ಡಾಲರ್ ಮೀರಿತ್ತು. ಒತ್ತಡ ಹೆಚ್ಚಿದ ಮೇಲೆ ಕಂಪನಿ ಅದರ ಬದಲಿಗೆ ಹೊರಗಿನವರ ಭದ್ರತೆ ಒದಗಿಸಿತು ಎಂಬುದನ್ನೂ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ನೋಡಿದ ನಾವು, ಕಡಿದ ಗುಡ್ಡವನ್ನು ಮಾತಿನ ಭರವಸೆಯ ಮೇಲೆ ಬಿಡುವುದರ ಅರ್ಥವನ್ನು ಬಲ್ಲೆವು.

2017ರ ಏಪ್ರಿಲ್‌ನಲ್ಲಿ ಪೀಬಾಡಿ ದಿವಾಳಿಯಿಂದ ಹೊರಬಂತು. ಹಳೆಯ ಷೇರುಗಳು ರದ್ದಾದವು, ಸಾಲದ ದೊಡ್ಡ ಭಾಗ ಕರಗಿತು, ಹೊಸ ಷೇರುಗಳು ನ್ಯೂಯಾರ್ಕಿನಲ್ಲಿ ವಹಿವಾಟು ಶುರುಮಾಡಿದವು. ಕಂಪನಿ ಇಂದಿಗೂ ಇದೆ. ಹಾಗಾಗಿ ಅದರ ಪತನ ಎನ್ನುವಾಗ ಬಿದ್ದವರು ಯಾರು ಎಂದು ಕೇಳಬೇಕಾಗುತ್ತದೆ.

ತೋಟ ಮಾರುವಾಗಲೂ ಕೊಳ್ಳುವಾಗಲೂ ಕೆಲಸದವರ ಬಾಕಿಯನ್ನು ಕ್ರಯಪತ್ರದಲ್ಲೇ ಬರೆಸಬೇಕು, ಅದು ತೀರದೆ ನೋಂದಣಿಯಾಗಬಾರದು ಎಂಬುದು ನನ್ನ ಒತ್ತಾಯ. ಮೊನ್ನೆ ಒಬ್ಬ ದಲ್ಲಾಳಿ ಹನ್ನೆರಡು ಎಕರೆ ತೋಟದ ಕಾಗದಗಳನ್ನು ಹಿಡಿದುಕೊಂಡು ಮನೆಗೆ ಬಂದಿದ್ದರು. ಪಹಣಿ, ಸರ್ವೆ ನಕ್ಷೆ, ಸಿಲ್ವರ್ ಮರಗಳ ಲೆಕ್ಕ, ಮೆಣಸಿನ ಬಳ್ಳಿಗಳ ಲೆಕ್ಕ ಎಲ್ಲವೂ ಇತ್ತು. ಕೆಲಸದವರ ಲೈನ್ ಮನೆಗಳಲ್ಲಿ ಎಷ್ಟು ಸಂಸಾರಗಳಿವೆ, ಯಾರು ಯಾವ ವರ್ಷದಿಂದ ದುಡಿಯುತ್ತಿದ್ದಾರೆ ಎಂದು ಕೇಳಿದೆ. ಆ ಪಟ್ಟಿ ತಂದರೆ ಮುಂದಿನ ಮಾತಾಡೋಣ ಎಂದು ಹೇಳಿ ಕಳುಹಿಸಿದ್ದೇನೆ. ಅವರು ಇನ್ನೂ ಬಂದಿಲ್ಲ.